ವರದ ಬಂದ ದಿನ

ನಾನು ಚಿಕ್ಕವನಿದ್ದಾಗ ಕ್ಯಾಂಪ್ ಅಂದರೆ ಮೋಜಲ್ಲ, ನೌಕರಿ. ಸರ್ಕಾರಿ ಕೆಲಸದ ಮೇಲೆ ಬೇರೆ ಊರಿಗೆ ಹೋದವರನ್ನು ‘ಸಾಹೇಬ್ರು ಕ್ಯಾಂಪಿಗೆ ಹೋಗ್ಯಾರ’ ಎನ್ನುತ್ತಿದ್ದರು. ನಮ್ಮ ಅಪ್ಪ ಸರ್ವೇ ಕಚೇರಿಯಲ್ಲಿದ್ದರು, ಆದರೆ ಅವರಿಗೆ ಕ್ಯಾಂಪಿನ ಭಾಗ್ಯ ಇರಲಿಲ್ಲ. ಉಳಿದವರು ಬೆಟ್ಟಗುಡ್ಡ ತಿರುಗಿ ಅಳತೆ ತರುತ್ತಿದ್ದರು, ಅಪ್ಪ ಫ್ಯಾನಿನ ಕೆಳಗೆ ಕೂತು ಅದರ ನಕ್ಷೆ ಬರೆಯುತ್ತಿದ್ದರು. ಹೈದರಾಬಾದಿನ ಸುತ್ತಲಿನ ಹಳ್ಳಕೊಳ್ಳಗಳೆಲ್ಲ ಅವರಿಗೆ ಬಾಯಿಪಾಠ. ಒಂದನ್ನೂ ಕಣ್ಣಾರೆ ಕಂಡಿರಲಿಲ್ಲ, ಪಾಪ.

ನಾವು ಗುಲಬರ್ಗಾ ಕಡೆಯವರು. ಅಪ್ಪನ ನೌಕರಿಗಾಗಿ ಬಂದು ಸುಲ್ತಾನ್ ಬಜಾರಿನ ಹಿಂದಿನ ಗಲ್ಲಿಯಲ್ಲಿ ಎರಡು ಕೋಣೆಯ ಮನೆ ಹಿಡಿದಿದ್ದೆವು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಉರ್ದು. ಅಷ್ಟರಲ್ಲೇ ಬಟ್ಟೆ, ಬದನೆಕಾಯಿ, ಜಗಳ ಎಲ್ಲವೂ ನಡೆದುಹೋಗುತ್ತಿದ್ದವು. ತೆಲುಗು ಬರುತ್ತಿದ್ದದ್ದು ಅಕ್ಕನಿಗೊಬ್ಬಳಿಗೇ. ಅವಳಿಗೆ ಹದಿಮೂರು ವರ್ಷ, ನನಗೆ ಏಳು. ಪಕ್ಕದ ಮನೆಯ ಗೆಳತಿಯಿಂದ ಮಾತು ಕಲಿತಿದ್ದಳು, ಶಾಲೆಯಲ್ಲಿ ಹಟ ಹಿಡಿದು ತೆಲುಗು ಪಾಠಕ್ಕೆ ಸೇರಿದ್ದಳು. ದಾರಿಯಲ್ಲಿ ಅಂಗಡಿಯ ಫಲಕಗಳನ್ನೆಲ್ಲ ಗಟ್ಟಿಯಾಗಿ ಓದುತ್ತಾ ನಡೆಯುತ್ತಿದ್ದಳು. ನನಗೆ ನಾಚಿಕೆಯಾಗಿ ನಾಲ್ಕು ಹೆಜ್ಜೆ ಹಿಂದೆ ಬರುತ್ತಿದ್ದೆ.

ಆ ವರ್ಷ ಅಕ್ಕ ಅದೇ ತೆಲುಗಿನಲ್ಲಿ ಫೇಲಾದಳು. ಯಾಕೆ ಗೊತ್ತೇ? ತೆಲುಗು ಅಕ್ಷರ, ಕನ್ನಡ ಅಕ್ಷರ ಒಡಹುಟ್ಟಿದವರ ಹಾಗೆ. ತಲೆಕಟ್ಟು ಮಾತ್ರ ಬೇರೆ. ಅವರದ್ದು ‘ಸರಿ’ ಗುರುತಿನ ಹಾಗೆ ಎದ್ದು ನಿಂತಿರುತ್ತದೆ, ನಮ್ಮದು ಅಡ್ಡ ಮಲಗಿರುತ್ತದೆ. ಅಕ್ಕ ಪರೀಕ್ಷೆಯ ಅವಸರದಲ್ಲಿ ಎಲ್ಲ ತಲೆಕಟ್ಟುಗಳನ್ನೂ ಮಲಗಿಸಿಬಿಟ್ಟಿದ್ದಳು. ಮನೆಗೆ ಬಂದ ಉತ್ತರಪತ್ರಿಕೆ ಪೂರ್ತಿ ಕೆಂಪಾಗಿತ್ತು.

“ಸಾಕು ನಿನ್ನ ತೆಲುಗು. ಹಿಂದಿ ತಗೋ, ನಾಕು ಊರಾಗ ನಡೀತೈತಿ” ಎಂದರು ಅಪ್ಪ. ಅಕ್ಕ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಅಪ್ಪ ಕರಗಲಿಲ್ಲ. ಪಾಠ ಬದಲಿಸಿಕೊಡಿ ಎಂದು ಶಾಲೆಗೆ ಅರ್ಜಿ ಬರೆದು ಪ್ಯಾಂಟಿನ ಜೇಬಿನಲ್ಲಿಟ್ಟುಕೊಂಡರು. ಸೋಮವಾರ ಶಾಲೆ ಶುರುವಾಗುತ್ತಿತ್ತು, ಅಂದೇ ಕೊಡುವುದು ಎಂದಾಗಿತ್ತು.

ಅದಕ್ಕೆ ಮುಂಚಿನ ಶುಕ್ರವಾರ ಸಂಜೆ, ಮಕ್ಕಳ ಮುಖ ಗೆಲುವಾಗಲಿ ಎಂದೋ, ತಮ್ಮ ಆಸೆ ತೀರಲಿ ಎಂದೋ, ಅಪ್ಪ ಗೆಳೆಯರೊಬ್ಬರಿಂದ ಹಳೆಯ ಖಾಕಿ ಡೇರೆ ಕೇಳಿ ತಂದರು. “ನಾವೂ ಕ್ಯಾಂಪಿಗೆ ಹೋಗೋಣ” ಎಂದರು. ನಾನು ಮಂಚದ ಮೇಲೆ ಹತ್ತಿ ಕುಣಿದೆ.

ಅವ್ವ ರೊಟ್ಟಿ ಬಡಿಯುತ್ತಲೇ ಗೊಣಗಿದಳು. “ಮಿರಗದ ಮಳಿ ಹತ್ರ ಬಂದೈತಿ. ಈಗ ಡೇರಿ ಗೀರಿ ಯಾಕ ಬೇಕ್ರಿ?”

“ಮಿರಗಕ್ಕ ಇನ್ನೂ ಮೂರು ದಿನ ಐತಿ” ಎಂದರು ಅಪ್ಪ, ಮೃಗಶಿರಾ ಮಳೆಯೂ ಕಚೇರಿಯ ಹಾಗೆ ಹೇಳಿದ ದಿನಕ್ಕೇ ಬಾಗಿಲು ತೆಗೆಯುತ್ತದೆ ಎಂಬ ಭರವಸೆಯಲ್ಲಿ.

ಮರುದಿನ ಬೇಗಂಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಪ್ಯಾಸೆಂಜರ್ ಗಾಡಿ ಹತ್ತಿದೆವು. ಇಂಜಿನ್ನಿನ ಕಲ್ಲಿದ್ದಲ ಪುಡಿ ಕಣ್ಣಿಗೆ ಬಿದ್ದು ಉರಿಯುತ್ತಿತ್ತು. ಬುಟ್ಟಿಯಿಂದ ಶೇಂಗಾ ಚಟ್ನಿಯ ವಾಸನೆ ಬಂದು ಹೊಟ್ಟೆ ಚುರುಗುಟ್ಟುತ್ತಿತ್ತು. ವಿಕಾರಾಬಾದಿನ ಹತ್ತಿರ ಒಂದು ಸಣ್ಣ ಸ್ಟೇಷನ್ನಿನಲ್ಲಿ ಇಳಿದು, ಸೀತಾಫಲದ ಗಿಡಗಳ ನಡುವಿನ ಕಾಲುದಾರಿಯಲ್ಲಿ ಒಂದು ತಾಸು ನಡೆದೆವು. ಅಪ್ಪ ನಕ್ಷೆ ಹಿಡಿದು ಮುಂದೆ, ಡೇರೆ ಅವರ ಬೆನ್ನ ಮೇಲೆ. ಅಕ್ಕ ಎಲ್ಲರಿಗಿಂತ ಹಿಂದೆ, ಕಲ್ಲು ಒದೆಯುತ್ತಾ ಬರುತ್ತಿದ್ದಳು.

ಗುಡ್ಡದ ಬುಡದಲ್ಲಿ ಒಂದು ಒಣ ಹಳ್ಳ. ಅದರ ನಡುವೆ ಅಗಲವಾದ ಮರಳಿನ ದಿಬ್ಬ, ಕಾಲಿಟ್ಟರೆ ಮೆತ್ತಗೆ, ಬೆಚ್ಚಗೆ. ಅಪ್ಪ ನಕ್ಷೆಯ ಮೇಲೆ ಬೆರಳಿಟ್ಟು ತೋರಿಸಿದರು. “ನೋಡ್ರಿ, ಇಲ್ಲಿ ನೀಲಿ ಗೆರಿ ಇಲ್ಲ, ಚುಕ್ಕಿ ಗೆರಿ. ಚುಕ್ಕಿ ಅಂದ್ರ ಒಣ ಹಳ್ಳ. ನಾನೇ ಬರದೀನಿ.” ಅಲ್ಲೇ ಗೂಟ ಹೊಡೆದೆವು. ನಾಲ್ಕು ಸಲ ಕುಸಿದು ಐದನೆಯ ಸಲ ನಿಂತ ಆ ಡೇರೆಯ ಮುಂದೆ ಅಪ್ಪ ಸೊಂಟದ ಮೇಲೆ ಕೈ ಇಟ್ಟು ನಿಂತರು. ಅಷ್ಟು ಸಂತೋಷದ ಅಪ್ಪನನ್ನು ನಾನು ಅದುವರೆಗೆ ನೋಡಿರಲಿಲ್ಲ.

ಮಧ್ಯಾಹ್ನದ ಊಟ ಮುಗಿಯುತ್ತಲೇ ಪಡುವಣದ ಗುಡ್ಡಗಳ ಮೇಲೆ ಆಕಾಶ ಕಪ್ಪಾಯಿತು. ನಮ್ಮ ಮೇಲೆ ಬಿದ್ದದ್ದು ಬೆರಳೆಣಿಕೆಯ ಹನಿ, ಆದರೆ ಗಾಳಿ ಎಂದರೆ ಗಾಳಿ! ಮರಳು ಕಣ್ಣಿಗೆ, ಬಾಯಿಗೆ, ಚಟ್ನಿಗೆ. ಡೇರೆ ಒಂದು ಕಡೆ ಬಿತ್ತು. ಅಪ್ಪ ಕಂಬ ಹಿಡಿದರು, ಅವ್ವ ಹಗ್ಗ ಹಿಡಿದಳು, ನಾನು ಅವ್ವನ ಸೆರಗು ಹಿಡಿದೆ. ಅಕ್ಕ ಒಲೆಗೆ ಪುಳ್ಳೆ ಆರಿಸಲು ದಿಬ್ಬದ ಆ ತುದಿಗೆ ಹೋಗಿದ್ದಳು.

ಆಗ ದಡದ ಮೇಲೆ ಮೇಕೆ ಕಾಯುವ ಒಬ್ಬ ಮುದುಕಿ ಕಾಣಿಸಿಕೊಂಡಳು. ಎರಡೂ ಕೈ ಎತ್ತಿ ಏನೋ ಕೂಗುತ್ತಿದ್ದಳು. ಗಾಳಿಯಲ್ಲಿ ನಮಗೆ ಕೇಳಿದ್ದು ಎರಡೇ ಮಾತು: “ವರದ! ...ಪೈಕಿ! ವರದ! ...ಪೈಕಿ!”

“ಯಾರೋ ವರದ ಅನ್ನಾಂವನ್ನ ಹುಡುಕಾಕತ್ತಾಳ” ಎಂದಳು ಅವ್ವ. ನಮ್ಮೂರಲ್ಲಿ ವರದಪ್ಪ, ವರದರಾಜ ಗಲ್ಲಿಗೊಬ್ಬರು ಇದ್ದರು.

“ನಾವು ವರದನ ಪೈಕಿಯವರೇನು ಅಂತ ಕೇಳಾಕತ್ತಾಳ” ಎಂದು ಅಪ್ಪ ಇನ್ನೂ ಸ್ಪಷ್ಟ ಮಾಡಿದರು. ನಮ್ಮಲ್ಲಿ ಯಾರ ಪೈಕಿ ಎಂದರೆ ಯಾರ ಕಡೆಯವರು, ಯಾರ ಬಳಗದವರು ಎಂದಲ್ಲವೇ? ಆಮೇಲೆ ಅವರು ಕಂಬ ಬಿಡದೆಯೇ ಗಂಟಲು ಹರಿಯುವಂತೆ ಕೂಗಿದರು. “ನಾವು ವರದನ ಪೈಕಿ ಅಲ್ಲಬೇ ಯವ್ವಾ! ನಾವು ಗುಲಬರ್ಗಾದವರು!”

ಮುದುಕಿ ಹಣೆ ಹಣೆ ಬಡಿದುಕೊಂಡಳು. ಅವ್ವ ಅಯ್ಯೋ ಪಾಪ ಎಂದಳು. ವರದ ಎಷ್ಟು ದಿನದಿಂದ ಮನೆಗೆ ಬಂದಿಲ್ಲವೋ ಏನೋ ಎಂದು ಮರುಗಿದಳು.

ಅಷ್ಟರಲ್ಲಿ ಅಕ್ಕ ಪುಳ್ಳೆ ಬಿಸಾಕಿ ಓಡಿ ಬಂದಳು. “ಅಪ್ಪಾ, ವರದ ಮನುಷ್ಯಾ ಅಲ್ರಿ! ತೆಲುಗಿನಾಗ ವರದ ಅಂದ್ರ ಪ್ರವಾಹ! ಪೈಕಿ ಅಂದ್ರ ಮ್ಯಾಲೆ! ನೀರು ಬರಾಕತ್ತೈತಿ, ಮ್ಯಾಲೆ ಹತ್ರಿ ಅನ್ನಾಕತ್ತಾಳ!”

ಅಪ್ಪ ಹಳ್ಳದ ಮೇಲ್ಗಡೆ ನೋಡಿದರು. ಒಂದು ಹನಿ ನೀರಿರಲಿಲ್ಲ. “ಚುಕ್ಕಿ ಗೆರಿ...” ಎಂದು ಶುರು ಮಾಡಿದರು. ಅಕ್ಕ ಅವರ ಮಾತು ಮುಗಿಯಲು ಬಿಡಲಿಲ್ಲ. ನನ್ನನ್ನು ಎತ್ತಿ ಕಂಕುಳಿಗೆ ಹಾಕಿಕೊಂಡು, ಅವ್ವನ ಕೈ ಹಿಡಿದೆಳೆದು ದಡದ ಕಡೆ ಓಡಿದಳು. ಅಪ್ಪ ಗೂಟ ಕೀಳುತ್ತಾ ಕೂತಿದ್ದರು. ಬೇರೆಯವರ ಡೇರೆ, ಬಿಟ್ಟು ಹೋಗಲು ಅವರಿಗೆ ಮನಸ್ಸಿಲ್ಲ. ನಮ್ಮನ್ನು ದಡ ಹತ್ತಿಸಿ ಅಕ್ಕ ಹಿಂದಿರುಗಿ ನಿಂತು, ಜನ್ಮದಲ್ಲಿ ಮೊದಲ ಸಲ ಅಪ್ಪನನ್ನು ಗದರಿದಳು. “ಡೇರಿ ಬಿಡ್ರಿ! ಬರ್ತೀರೋ, ನಾನೇ ಬಂದು ಎಳಕೊಂಡು ಬರಲೋ?”

ಅಪ್ಪ ಬೆಚ್ಚಿ ಎದ್ದರು. ಅವರು ಓಡುವಾಗಲೇ ದೊಡ್ಡ ಗಾಡಿ ಸೇತುವೆಯ ಮೇಲೆ ಬಂದಂಥ ಸದ್ದು ಕೇಳಿತು. ತಿರುವಿನಿಂದ ಕೆಂಪು ನೀರು, ಮುಳ್ಳುಕಂಟಿ ಕೊಂಬೆಗಳನ್ನು ಹೊತ್ತುಕೊಂಡು ಬಂತು. ಅಪ್ಪನ ಮೊಣಕಾಲು ಮುಟ್ಟಿತು, ತೊಡೆ ಮುಟ್ಟಿತು. ಮುದುಕಿ ತನ್ನ ಕೋಲು ಚಾಚಿದಳು, ಅಕ್ಕ ಕೈ ಚಾಚಿದಳು. ಇಬ್ಬರೂ ಸೇರಿ ಎಳೆದುಕೊಂಡರು. ನಾವು ನೋಡುತ್ತಿದ್ದಂತೆ ಖಾಕಿ ಡೇರೆ ಹೊಟ್ಟೆ ಉಬ್ಬಿಸಿಕೊಂಡು ತೇಲುತ್ತಾ ಹೋಯಿತು. ನಾವು ರೊಟ್ಟಿ ತಿಂದ ಜಾಗ ಎಲ್ಲಿತ್ತು ಎಂಬುದೂ ಗೊತ್ತಾಗಲಿಲ್ಲ. ಅವ್ವ ಜೋರಾಗಿ ಅತ್ತಳು.

ಆ ಸಂಜೆ ಮುದುಕಿಯ ಗುಡಿಸಲಲ್ಲಿ ಕೂತಿದ್ದೆವು. ಹೊಗೆ, ಮೇಕೆಯ ವಾಸನೆ, ಹಂಚಿನ ಮೇಲೆ ಜೋಳದ ರೊಟ್ಟಿ. ಆಕೆ ಬಡಿಸಿದ ಹುಳಿ ಸೊಪ್ಪಿನ ಪಲ್ಯಕ್ಕೆ ‘ಪುಂಟಿಕೂರ’ ಎಂದಳು. ಅವ್ವನ ಮುಖ ಅರಳಿತು. “ಅಯ್ಯ, ಇದು ನಮ್ಮ ಪುಂಡಿಪಲ್ಯಾನ!” ಈ ಮಾತಿಗೆ ಮಾತ್ರ ಅಕ್ಕನ ಸಹಾಯ ಬೇಕಾಗಲಿಲ್ಲ. ಉಳಿದದ್ದನ್ನೆಲ್ಲ ಅವಳೇ ಅತ್ತಿಂದಿತ್ತ ದಾಟಿಸಿದಳು. ಮುದುಕಿ ಏನೋ ಹೇಳಿದಾಗ ಅಕ್ಕ ತಲೆ ತಗ್ಗಿಸಿದಳು. ಅಪ್ಪ ಏನಂತೆ ಎಂದು ಕೇಳಿದರು. ಅವಳು ರೊಟ್ಟಿ ಮುರಿಯುತ್ತಾ ಕೂತಳು. ಮುದುಕಿ ಅಕ್ಕನ ತಲೆ ಸವರಿ ಅಪ್ಪನ ಕಡೆ ನೋಡಿ ಕೈ ಮುಗಿದಳು, ನಿಮ್ಮನ್ನು ಉಳಿಸಿದವಳು ಇವಳೇ ಎನ್ನುತ್ತಿದ್ದಾಳೆಂದು ಅಷ್ಟರಿಂದಲೇ ಅಪ್ಪನಿಗೆ ತಿಳಿಯಿತು.

ಅಪ್ಪ ಜೇಬಿನಿಂದ ಅರ್ಜಿ ತೆಗೆದರು. ಮಸಿ ಇಳಿದು ಕಾಗದವೆಲ್ಲ ನೀಲಿಯಾಗಿತ್ತು. “ಇದು ಹೋತು. ಸೋಮವಾರ ಹೊಸಾದು ಬರೀಬೇಕು” ಎಂದರು. ಅಕ್ಕನ ಮುಖ ಬಾಡಿತು. ನನಗೆ ಅಪ್ಪನ ಮೇಲೆ ಎಷ್ಟು ಸಿಟ್ಟು ಬಂತೆಂದರೆ ಅವರ ಪಕ್ಕದಿಂದ ಎದ್ದು ಹೋಗಿ ಮೇಕೆಯ ಪಕ್ಕ ಕೂತೆ.

ಸೋಮವಾರ ಅಪ್ಪ ಹೊಸ ಅರ್ಜಿ ಬರೆದರು. ಕೊಡುವ ಮೊದಲು ಅಕ್ಕನ ಕೈಗಿತ್ತು, ಗಟ್ಟಿಯಾಗಿ ಓದು ಎಂದರು. ‘ನನ್ನ ಮಗಳಿಗೆ ತೆಲುಗು ಪಾಠವನ್ನೇ ಮುಂದುವರಿಸಬೇಕು. ತಪ್ಪಿದ್ದು ತಲೆಕಟ್ಟು ಮಾತ್ರ, ಭಾಷೆಯಲ್ಲ.’ ಅಕ್ಕ ಅದನ್ನು ಎರಡು ಸಲ ಓದಿದಳು. ಅಂದಿನಿಂದ ಅಪ್ಪ ದಿನಾ ಸಂಜೆ ಪಾಟಿ ಹಿಡಿದು ತೆಲುಗು ಕಲಿಯಲು ಅವಳ ಮುಂದೆ ಕೂರುತ್ತಿದ್ದರು. ತಲೆಕಟ್ಟು ಮಲಗಿಸಿದರೆ ಅಕ್ಕ ಅಳಿಸಿ ಮತ್ತೆ ಬರೆಸುತ್ತಿದ್ದಳು. ಡೇರೆಯ ಕಥೆಯನ್ನು ಕಚೇರಿಯಲ್ಲಿ ಅಪ್ಪ ತಾವೇ ಹೇಳಿದರು, ತಮ್ಮ ಪೆದ್ದತನ ಒಂದಿಷ್ಟೂ ಮುಚ್ಚಿಡದೆ. ನನ್ನ ಅಪ್ಪ ದೊಡ್ಡವರು ಅಂತ ನನಗೆ ಅನಿಸಿದ್ದು ಡೇರೆ ನಿಲ್ಲಿಸಿದಾಗಲ್ಲ, ಆ ಪಾಟಿ ಹಿಡಿದಾಗ.

ಅಕ್ಕ ಮುಂದೆ ತೆಲುಗು ಟೀಚರೇ ಆದಳು. ತಲೆಕಟ್ಟಿಗೆಂದು ಯಾವ ಮಗುವಿನ ಮಾರ್ಕನ್ನೂ ಕಡಿಯಲಿಲ್ಲವಂತೆ. ಈಗ ಬೇಗಂಪೇಟೆಯಲ್ಲಿ ಮಗಳ ಮನೆಯಲ್ಲಿದ್ದಾಳೆ.

ಮೊಮ್ಮಕ್ಕಳೇ, ನಿಮ್ಮದು ಬೇರೆಯೇ ಲೋಕ. ಲಿಫ್ಟ್ ಕೆಳಗಿಳಿಯುವಷ್ಟರಲ್ಲಿ ಮೂರು ಭಾಷೆಯಲ್ಲಿ ಮೂವರನ್ನು ಮಾತಾಡಿಸುತ್ತೀರಿ. ಮಳೆ ಬರುವ ಹೊತ್ತನ್ನು ಫೋನು ಮೊದಲೇ ಹೇಳುತ್ತದೆ, ನಿಮ್ಮ ಡೇರೆ ಕೊಡೆಯ ಹಾಗೆ ತಾನೇ ಬಿಚ್ಚಿಕೊಳ್ಳುತ್ತದೆ. ನಮಗೆ ಇದ್ದದ್ದು ಒಂದು ಚುಕ್ಕಿ ಗೆರೆ, ಒಬ್ಬ ಮುದುಕಿ, ಒಬ್ಬ ಅಕ್ಕ.

ಕಳೆದ ತಿಂಗಳು ನೀವು ಅದೇ ಗುಡ್ಡಗಳ ಕಡೆ ಕ್ಯಾಂಪಿಗೆ ಹೋದಾಗ ಆಕಾಶ ಕಪ್ಪಾಗಿತ್ತು. ಅಕ್ಕ ಫೋನು ಮಾಡಿ ಊಟ ಆಯಿತೇ ಎಂದೂ ಕೇಳಲಿಲ್ಲ. “ಡೇರಿ ಎಲ್ಲಿ ಹಾಕೀರಿ?” ಎಂದಳು.

ನಿಮ್ಮಲ್ಲಿ ಕಿರಿಯವಳು ಗಾಳಿಯ ಸದ್ದಿನ ನಡುವೆ ಕೂಗಿ ಹೇಳಿದಳು. “ಪೈಕೇ ಹಾಕೀವಿ, ಅಜ್ಜೀ! ನಾವು ವರದನ ಪೈಕಿ ಅಲ್ಲ!”