ಹುಕ್ಕೇರಿ ದಾಟಿದ ಮೇಲೆ

ದಿಂಬಿನ ಬಿಳಿ ಅರಿವೆಯ ಮೇಲೆ, ಕೆನ್ನೆ ಒರಗಿದ್ದ ಕಡೆ, ಅಂಗೈಯಗಲ ಹಳದಿ ಕಲೆಯಿತ್ತು. ಅರಿಶಿನವೆಂದುಕೊಂಡು ಬೆರಳಿನಿಂದ ಉಜ್ಜಿದೆ. ಹೋಗಲಿಲ್ಲ.

'ಅದು ನನ್ನ ಬೆವರರೀ ಅಕ್ಕೋರ,' ಎಂದು ನೀಲವ್ವ ನಕ್ಕಳು. ಅವಳ ಕಣ್ಣೂ ಅದೇ ಬಣ್ಣಕ್ಕೆ ತಿರುಗಿತ್ತು.

ಬಿ.ಎ. ಮುಗಿಸಿ ಮೈಸೂರಿನಿಂದ ಮೂಡಲಗಿಯ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ, ಎಂದರೆ ಶಿಕ್ಷಕಿಯಾಗಿ, ಬಂದಾಗ ಒಂಟಿ ಹೆಂಗಸೆಂದು ಯಾರೂ ನನಗೆ ಮನೆ ಕೊಟ್ಟಿರಲಿಲ್ಲ. ಗೌರವ್ವ ತಮ್ಮ ಪಡಸಾಲೆಯ ಪಕ್ಕದ ಕೋಣೆ ಬಿಟ್ಟುಕೊಟ್ಟರು. ನೀಲವ್ವ ಅವರ ಒಬ್ಬಳೇ ಮಗಳು, ನನ್ನ ವಯಸ್ಸಿನವಳು. ಗಂಡ ತೀರಿಕೊಂಡ ಮೇಲೆ ತಾಯಿಯ ಬಳಿಯೇ ಇದ್ದಳು. ನಮ್ಮ ಕಡೆ ಅನ್ನವಿಲ್ಲದೆ ಊಟವಿಲ್ಲ. ಇಲ್ಲಿ ಜೋಳದ ರೊಟ್ಟಿಯೇ ಊಟ. ನಾನು ಮೊದಲ ದಿನ ಬರೀ ಅನ್ನ ಕೇಳಿದಾಗ ಗೌರವ್ವ ಗಾಬರಿಯಾದರು: 'ಅಕ್ಕೋರಿಗೆ ಜಡ್ಡಾಗೇತೇನ?' ಜಡ್ಡೆಂದರೆ ಕಾಯಿಲೆ. ಇಂಥ ಮಾತುಗಳನ್ನೆಲ್ಲ ಕಲಿಸಿದವಳು ನೀಲವ್ವ. ಸಂಜೆ ಮಾತಾಡಲು ಅವಳಲ್ಲದೆ ನನಗೆ ಬೇರೆ ಯಾರೂ ಇರಲಿಲ್ಲ.

ಕಾಮಾಲೆಗೆ ಇಲ್ಲಿ ಕಾಮಣಿ ಎನ್ನುತ್ತಾರೆ. ನಾಟಿ ಮದ್ದಿಗೆ ಅದು ಜಗ್ಗದಿದ್ದಾಗ ಅವಳನ್ನು ಬೆಳಗಾವಿಗೆ ಕರೆದೊಯ್ದೆವು. ಯಕೃತ್ತಿನಿಂದ ಪಿತ್ತ ಇಳಿಯುವ ನಾಳ ಹಳೆಯ ಕಲ್ಲಿನ ಗಾಯದಿಂದ ಮುಚ್ಚಿಹೋಗಿದೆ, ಅಷ್ಟು ಭಾಗ ಬಿಟ್ಟು ನಾಳದ ಮೇಲಿನ ತುದಿಯನ್ನು ಕರುಳಿಗೆ ಹೊಲಿಯಬೇಕು, ತಡವಾದರೆ ಯಕೃತ್ತು ಉಳಿಯದು ಎಂದರು ಡಾಕ್ಟರು. ನಾನು ಬಿಡಿಸಿ ಹೇಳುವ ಮೊದಲೇ ನೀಲವ್ವ, 'ಕಾಲುವಿ ಹೂಳು ತುಂಬೇತಿ, ಬ್ಯಾರೆ ಕಡೆ ಒಡದು ನೀರ ಬಿಡ್ತಾರ. ಹೌದಲ್ರಿ?' ಎಂದಳು.

ಆಪರೇಶನ್ನಿನ ಹಿಂದಿನ ರಾತ್ರಿಯಿಂದ ಏನೂ ಕೊಡಬಾರದೆಂದು ಹೇಳಿದ್ದರು. ಬೆಳಿಗ್ಗೆ ದಾದಿ ಬಂದು ಕೇಳಿದಳು.

'ಏನರ ತಿಂದಾಳೇನ್ರಿ?'

'ಏನೂ ಇಲ್ರಿ ಬಾಯಾರ. ಪ್ರಸಾದ ಅಷ್ಟ ತಗೊಂಡಾಳ,' ಎಂದರು ಗೌರವ್ವ.

ಪ್ರಸಾದವೆಂದರೆ ಒಂದು ಬಟ್ಟಲು ಹಾಲು. ಇವರು ಎದೆಯ ಮೇಲೆ ಧರಿಸುವ ಇಷ್ಟಲಿಂಗವನ್ನು ಅಂಗೈಯಲ್ಲಿಟ್ಟು ಪೂಜಿಸಿ, ಅದಕ್ಕೆ ಅರ್ಪಿಸಿದ್ದನ್ನು ಸೇವಿಸುತ್ತಾರೆ. ಅರ್ಪಿಸಿದ ಮೇಲೆ ಹಾಲು ಹಾಲಲ್ಲ. ಇಂಥ ದಿನ ಮಗಳನ್ನು ಪ್ರಸಾದವಿಲ್ಲದೆ ಕಳಿಸುವ ತಾಯಿ ಈ ಊರುಗಳಲ್ಲಿ ಇರಲಾರಳು. ಆದರೆ ಹೊಟ್ಟೆಯಲ್ಲಿ ಹಾಲಿರುವಾಗ ಅರಿವಳಿಕೆ ಕೊಡುವಂತಿಲ್ಲ. ಆಪರೇಶನ್ ಮರುದಿನಕ್ಕೆ ಹೋಯಿತು. ಅಂದು ಸಂಜೆಯೇ ನಡುಕ ಹತ್ತಿ ಜ್ವರ ಏರಿತು. ಅದು ಇಳಿಯಲೆಂದು ವಾರ ಕಾದು ಹೊಲಿದರು.

ಹೊಲಿಗೆ ಹಿಡಿಯಿತು. ಪಿತ್ತ ಇಳಿದು, ಸುಣ್ಣದಂತಿದ್ದ ಮಲಕ್ಕೆ ಬಣ್ಣ ಬಂದಾಗ ಗೌರವ್ವ ವಾರ್ಡಿಗೆಲ್ಲ ಸಾರಿದರು: 'ಬಣ್ಣ ಬಂತ್ರೀ! ನನ್ನ ಮಗಳಿಗೆ ಬಣ್ಣ ಬಂತು!' ಪಕ್ಕದ ಮಂಚದ ಮುದುಕಿ, 'ಯಾವದಕ್ಕ ಹಬ್ಬ ಮಾಡ್ತೀಯವ್ವಾ!' ಎಂದು ನಕ್ಕಳು. ಆದರೆ ಆ ಜ್ವರದಲ್ಲಿ ಬಳಲಿದ ಯಕೃತ್ತು ಮತ್ತೆ ಚೇತರಿಸಿಕೊಳ್ಳಲಿಲ್ಲ. ನೀಲವ್ವ ಎಚ್ಚರ ತಪ್ಪಿದವಳು ಕಣ್ಣು ತೆರೆಯದೆಯೇ ಹೋದಳು.

ಬಾಡಿಗೆ ಮೋಟಾರಿನಲ್ಲಿ ಹೆಣವನ್ನು ಮೂಡಲಗಿಗೆ ತಂದೆವು. ಗೌರವ್ವ ಮಗಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೇಳುತ್ತಿದ್ದರು: 'ಯಮಕನಮರಡಿ ಬಂತ ನೋಡವಾ ನೀಲಾ. ಇನ್ನ ಹುಕ್ಕೇರಿ.' ಹುಕ್ಕೇರಿ ದಾಟಿದ ಮೇಲೆ ನನ್ನ ಕಡೆ ತಿರುಗಿದರು.

'ನೀವು ಸಾಲಿ ಕಲತವ್ರು. ಖರೆ ಹೇಳ್ರಿ ಅಕ್ಕೋರ. ಆ ಹಾಲಿಂದ ಹಿಂಗಾತೇನ್ರಿ?'

ಅದನ್ನೇ ನಾನು ಡಾಕ್ಟರನ್ನು ಕೇಳಿದ್ದೆ. ಆಗಿರಬಹುದು, ಖಂಡಿತ ಹೇಳಲಾರೆ ಎಂದಿದ್ದರು.

'ಅಲ್ರಿ ಅವ್ವಾ. ಹಾಲಿಂದಲ್ಲ.'

ಅದುವರೆಗೆ ನಾನು ಅವರನ್ನು ಅವ್ವ ಎಂದು ಕರೆದಿರಲಿಲ್ಲ. ಅವರು ನಂಬಿದರೋ ಇಲ್ಲವೋ ತಿಳಿಯದು. ಗೋಕಾಕ ಬರುವವರೆಗೆ ನನ್ನ ಕೈ ಬಿಡಲಿಲ್ಲ.

ನಮ್ಮ ಮನೆಯಲ್ಲಿ ಸಾವಾದರೆ ಸೂತಕ. ಹೆಂಗಸರು ಸ್ಮಶಾನದ ಕಡೆ ಸುಳಿಯುವುದಿಲ್ಲ. ಇಲ್ಲಿ ಸೂತಕವಿಲ್ಲ, ಹೆಂಗಸರೂ ಮಣ್ಣಿಗೆ ಹೋಗುತ್ತಾರೆ. ನೀಲವ್ವನನ್ನು ಕೂರಿಸಿ ಹೊತ್ತುಕೊಂಡು ಹೊರಟಾಗ ನಾನು ಹೊಸ್ತಿಲಲ್ಲೇ ನಿಂತುಬಿಟ್ಟೆ. ಕಾಲುಗಳು ಇನ್ನೂ ಮೈಸೂರಿನವೇ ಆಗಿದ್ದವು.

ಅಪ್ಪ ಈಗಲೂ ಮೈಸೂರಿಗೆ ಬಂದುಬಿಡು ಎನ್ನುತ್ತಾರೆ. ರಜೆಗೆ ಹೋದರೆ ನನ್ನ ಬಾಯಲ್ಲಿ 'ಐತಿ' ಕೇಳಿ ತಂಗಿಯರು ನಗುತ್ತಾರೆ. ಇಲ್ಲಿ ನಾನು ಇಂದಿಗೂ ಮೈಸೂರ ಅಕ್ಕೋರು.

ಮಣ್ಣಾದ ಮರುದಿನ ಬೆಳಿಗ್ಗೆ ಗೌರವ್ವ ಒಬ್ಬರೇ ಮಗಳ ಸಮಾಧಿಯಿದ್ದ ಹೊಲದ ದಾರಿ ಹಿಡಿದಿದ್ದರು. ಇಲ್ಲಿಯವರಂತೆ ತಲೆಯ ಮೇಲೆ ಸೆರಗು ಹೊದ್ದು ನಾನೂ ಹೊರಟೆ. ಅವರು ತಿರುಗಿ ನೋಡಲಿಲ್ಲ; ಆದರೆ ಬದುವಿನ ಹತ್ತಿರ ನಿಂತರು. ನಾನು ಹೋಗಿ ಸೇರಿಕೊಂಡೆ.