ಎಡಮಗ್ಗುಲ ಸಕ್ಕರೆ

ಜೋಳದ ಕಾಳನ್ನು ಹಲ್ಲಿನಲ್ಲಿ ಕಡಿದು ನೋಡಿ, ಅದು ಎಷ್ಟು ಒಣಗಿದೆ ಎಂದು ಹೇಳುತ್ತ ಹುಬ್ಬಳ್ಳಿಯ ಪೇಟೆಯಲ್ಲಿ ಆಯುಷ್ಯ ಕಳೆದವನು ನಾನು. ಅಂಥವನ ತೋಳಿಗೆ ಮಗಳು ಒಂದು ಯಂತ್ರ ಅಂಟಿಸಿದಳು. ನೋಡಲು ಕೋಟಿನ ದೊಡ್ಡದೊಂದು ಗುಂಡಿಯಷ್ಟಿದೆ. ರಕ್ತದ ಸಕ್ಕರೆ ಎಷ್ಟೆಂದು ಹೊತ್ತುಹೊತ್ತಿಗೆ ಫೋನಿಗೆ ತಿಳಿಸುತ್ತದೆ, ತೀರ ಇಳಿದರೆ ಚೀರುತ್ತದೆ. ನನ್ನ ಫೋನಿನಲ್ಲಷ್ಟೇ ಅಲ್ಲ, ಧಾರವಾಡದ ಕಾಲೇಜಿನಲ್ಲಿ ಪಾಠ ಮಾಡುವ ಮಗಳ ಫೋನಿನಲ್ಲೂ. ಹಿಂದೊಮ್ಮೆ ಇನ್ಸುಲಿನ್ ಚುಚ್ಚಿಕೊಂಡು, ಗಿರಾಕಿಯ ಜೊತೆ ಮಾತಿಗೆ ಬಿದ್ದು ಊಟ ಮರೆತು, ಅಂಗಡಿಯಲ್ಲಿ ಚೀಲಗಳ ಮೇಲೆ ಎಚ್ಚರ ತಪ್ಪಿ ಒರಗಿದ್ದೆ. ನನ್ನನ್ನು ಮೊದಲು ನೋಡಿದವಳು ಅವಳೇ. ಆವತ್ತಿನಿಂದ ಅವಳಿಗೆ ನನ್ನ ಮೇಲೆ ನಂಬಿಕೆಯಿಲ್ಲ. ಅದರಲ್ಲಿ ಅವಳ ತಪ್ಪೇನೂ ಇಲ್ಲ.

ಕೇಶ್ವಾಪುರದ ನಮ್ಮ ಮನೆಯಲ್ಲಿ ಮಧ್ಯಾಹ್ನ ರೊಟ್ಟಿ ಊಟವಾದ ಮೇಲೆ ನನ್ನ ವಾಮಕುಕ್ಷಿ ಎಂದೂ ತಪ್ಪಿದ್ದಿಲ್ಲ. ಎಡಮಗ್ಗುಲಾಗಿ ಒಂದು ಗಳಿಗೆ ಮಲಗಿದರೆ ಉಂಡದ್ದು ಅರಗುತ್ತದೆ ಎಂದು ನಮ್ಮಪ್ಪ ಹೇಳಿದ್ದ. ಅವನ ಬೇರೆ ಯಾವ ಮಾತನ್ನೂ ನಾನು ಇಷ್ಟು ಶ್ರದ್ಧೆಯಿಂದ ಪಾಲಿಸಿಲ್ಲ. ಯಂತ್ರ ಬಂದ ಮರುದಿನ, ಇನ್ನೇನು ನಿದ್ದೆ ಹತ್ತಬೇಕು, ಫೋನು ಚೀರಿತು. ಸಕ್ಕರೆ ಪಾತಾಳಕ್ಕೆ ಇಳಿದಿತ್ತು. ಎದ್ದವನೇ ಅಡುಗೆಮನೆಗೆ ಓಡಿ ಶೇಂಗಾ ಹೋಳಿಗೆಯ ಡಬ್ಬಿಗೆ ಕೈ ಹಾಕಿದೆ.

“ಬೆವತೀರೇನ್ರಿ? ಹಸಿವರೆ ಆಗೇತೇನು?” ಹೆಂಡತಿ ಕೇಳಿದಳು.

“ಏನೂ ಇಲ್ಲ.”

“ಮತ್ಯಾಕ ತಿನ್ನಾಕತ್ತೀರಿ?”

“ನಾ ಎಲ್ಲಿ ತಿನ್ನಾಕತ್ತೇನಿ? ಮಷಿನ್ ತಿನ್ನಸಾಕತ್ತೇತಿ!”

ಅಷ್ಟರಲ್ಲಿ ಮಗಳ ಫೋನು. “ಅಪ್ಪಾ, ಆರಾಮ ಅದೀ ಹೌದಿಲ್ಲೋ?” ತುಂಬಿದ ಬಾಯಿಂದಲೇ, “ಆರಾಮ ಅದೇನಿ ಬಿಡವಾ, ಔಷಧ ತಗೋಳಾಕತ್ತೇನಿ,” ಎಂದು ನಕ್ಕೆ.

ಮರುದಿನವೂ ಇದೇ ಆಯಿತು, ಅದರ ಮರುದಿನವೂ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಸಂಜೆ ಹೊತ್ತಿಗೆ ಸಕ್ಕರೆ ಆಕಾಶಕ್ಕೆ ಏರಿ ಫೋನು ಮತ್ತೆ ಕೂಗುತ್ತಿತ್ತು. ಆಗ ಮಾತ್ರ ನಾನು, “ಮಷಿನ್ನಿಗೇನ ತಿಳಿತೈತಿ? ನನ್ನ ಮೈ ನನಗ ಗೊತ್ತಿಲ್ಲೇನು?” ಎನ್ನುತ್ತಿದ್ದೆ. ಇಳಿದಿದೆ ಎಂದಾಗ ಯಂತ್ರದ ಮಾತು ಖರೇ, ಏರಿದೆ ಎಂದಾಗ ನನ್ನ ಅನುಭವ ಖರೇ. ಹೊಟ್ಟೆಬಾಕನ ನ್ಯಾಯ ಹೀಗೆಯೇ ಇರುತ್ತದೆ.

ಕೊನೆಗೆ ಹೆಂಡತಿ ನನ್ನನ್ನು ಡಾಕ್ಟರ ಬಳಿ ಕರೆದೊಯ್ದಳು. ಡಾಕ್ಟರ್ ನನ್ನ ಮಗಳ ವಯಸ್ಸಿನವರು. ಫೋನಿನಲ್ಲಿದ್ದ ಗೆರೆ ದಿನಾ ಮಧ್ಯಾಹ್ನ ಗುಂಡಿಗೆ ಬೀಳುವುದನ್ನು ನೋಡಿ ಕೇಳಿದರು: “ಕಾಕಾ, ಉಂಡ ಮ್ಯಾಲ ಯಾವ ಮಗ್ಗಲಾ ಮಲಕೋತೀರಿ?”

“ಎಡಕ್ಕ ರೀ. ಯಾಕ್ರಿ?”

ಯಂತ್ರ ಇದ್ದದ್ದು ಎಡತೋಳಿನಲ್ಲಿ. ಅದರ ಮೇಲೆ ಮೈಭಾರ ಬಿದ್ದರೆ ಇಲ್ಲದ ಇಳಿತ ತೋರಿಸುತ್ತದಂತೆ. “ಸಂಶಯ ಬಂದ್ರ ಬೆರಳ ಚುಚ್ಚಿ ನೋಡ್ರಿ. ಅದನ್ನೂ ಕೇಳ್ರಿ, ಮೈಯನ್ನೂ ಕೇಳ್ರಿ,” ಎಂದು ತಿಳಿಸಿ ಹೇಳಿ, ಅದನ್ನು ಕಿತ್ತು ಬಲತೋಳಿಗೆ ಹೊಸದೊಂದನ್ನು ಅಂಟಿಸಿದರು. ರಿಕ್ಷಾದಲ್ಲಿ ಮನೆ ಮುಟ್ಟುವವರೆಗೂ ಹೆಂಡತಿ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನನಗೆ ಅವಮಾನವಾಯಿತು. ಅವಮಾನವಾದರೆ ಮನುಷ್ಯನಿಗೆ ಬುದ್ಧಿ ಬರುತ್ತದೆ ಅನ್ನುತ್ತಾರೆ, ನನಗೆ ಸಿಟ್ಟು ಬಂತು. ಡಾಕ್ಟರ್ ಹೇಳಿದ್ದರಲ್ಲಿ ನನ್ನ ತಲೆಗೆ ಹೋದದ್ದು ಒಂದೇ: ಈ ಯಂತ್ರ ಸುಳ್ಳು ಹೇಳುತ್ತದೆ.

ಮುಂದಿನ ವಾರ ಉಪ್ಪಿನಬೆಟಗೇರಿಯಲ್ಲಿ ಸಂಬಂಧಿಕರ ಬಸುರಿ ಮಗಳ ಸೀಮಂತ, ನಮ್ಮ ಕಡೆ ಕುಬಸ ಅನ್ನುತ್ತಾರೆ. ಹೆಂಡತಿ ಒಳಗೆ ಹೆಂಗಸರ ಜೊತೆ, ನಾನು ಹೊರಗೆ ಕಟ್ಟೆಯ ಮೇಲೆ. ಮನೆಯ ಯಜಮಾನರು, “ಇನ್ನೇನ ಪಂಕ್ತಿ ಹಾಕೂದ ರೀ,” ಎಂದರು. ನಂಬಿ ಇನ್ಸುಲಿನ್ ಚುಚ್ಚಿಕೊಂಡೆ. ಆದರೆ ಬೀಗರ ಗಾಡಿ ಬರಲಿಲ್ಲ, ಅವರು ಬಾರದೆ ಯಾರೂ ಉಣ್ಣಲು ಕೂಡುವ ಹಾಗಿರಲಿಲ್ಲ. ನನಗೆ ಒಂದು ತುತ್ತು ಮೊದಲೇ ಕೊಡ್ರಿ ಎಂದು ಕೇಳಿದ್ದರೆ ಆಗುತ್ತಿತ್ತು. ಕೇಳಲು ನನ್ನ ಹಿರಿತನ ಅಡ್ಡ ಬಂತು.

ಫೋನು ಚೀರಿತು. ಪಕ್ಕದವರು, “ಏನ್ರೀ ಅದು?” ಎಂದರು.

“ಸುಳ್ಳಬುರುಕ ರೀ. ಲಕ್ಷ್ಯ ಕೊಡಬ್ಯಾಡ್ರಿ.”

ಮಗಳು ಫೋನು ಮಾಡಿದಳು. ಕತ್ತರಿಸಿದೆ. ಮತ್ತೆ ಮಾಡಿದಳು. ಫೋನಿನ ಬಾಯಿ ಮುಚ್ಚಿ ಜೇಬಿಗೆ ತುರುಕಿದೆ. ಅಂಗಿ ಬೆನ್ನಿಗೆ ಅಂಟುವಷ್ಟು ಬೆವತಿದ್ದೆ, ಬಿಸಿಲು ಜೋರು ಎಂದುಕೊಂಡೆ. ಯಜಮಾನರ ಮೇಲೆ ಯಾಕೋ ವಿಪರೀತ ಸಿಟ್ಟು ಬಂತು. ಈ ಮನೆಯ ಊಟವೇ ಬೇಡ ಎಂದು ಕೂಗಾಡಿ, ಕಟ್ಟೆಯಿಂದ ಇಳಿದು ಚಪ್ಪಲಿ ಹುಡುಕತೊಡಗಿದೆ. ಎಲ್ಲರ ಚಪ್ಪಲಿಗಳನ್ನೂ ಎತ್ತಿ ಎತ್ತಿ ನೋಡಿದೆ. ನನ್ನವು ನನ್ನ ಕಾಲಿನಲ್ಲೇ ಇದ್ದವು. ಜನ ನಗುತ್ತಿದ್ದುದು ದೂರದಿಂದ ಎಂಬಂತೆ ಕೇಳುತ್ತಿತ್ತು.

ಅಷ್ಟರಲ್ಲಿ ಹೆಂಡತಿ ಕೈಯಲ್ಲಿ ಸಕ್ಕರೆ ಕಲಸಿದ ನೀರು ಹಿಡಿದು ಓಡಿ ಬಂದಳು. ಮಗಳು ಅವಳಿಗೆ ಫೋನು ಮಾಡಿದ್ದಳು. ಆಗಷ್ಟೇ ಗಾಡಿಯಿಂದ ಇಳಿಯುತ್ತಿದ್ದ ಬೀಗರ ಎದುರಿಗೇ ನನ್ನನ್ನು ಕೂರಿಸಿ, ಕೂಸಿಗೆ ಕುಡಿಸುವಂತೆ ಕುಡಿಸಿದಳು.

ನಾನು ನೆಟ್ಟಗಾಗುವ ಹೊತ್ತಿಗೆ ಮಗಳು ಧಾರವಾಡದಿಂದ ಸ್ಕೂಟರಿನಲ್ಲಿ ಬಂದು ಮುಟ್ಟಿದ್ದಳು. ಬೈಯುತ್ತಾಳೆ ಎಂದು ಒಂದು ನಗೆಚಾಟಿಕೆ ಸಿದ್ಧಮಾಡಿಕೊಂಡಿದ್ದೆ. ಅವಳು ಬೈಯಲಿಲ್ಲ. ಪಕ್ಕದಲ್ಲಿ ಕೂತು ಮೆಲ್ಲಗೆ ಹೇಳಿದಳು:

“ಅದು ಸುಳ್ಳ ಹೇಳಿದಾಗ ದಿನಾ ನನ್ನ ಫೋನ್ ಎತ್ತತಿದ್ದಿ ಅಪ್ಪಾ. ಇವತ್ತ ಎತ್ತಲಿಲ್ಲ. ದಾರಿ ತುಂಬ ನೀ ಇಲ್ಲ ಅಂತಾನ ತಿಳಕೊಂಡ ಗಾಡಿ ಹೊಡಕೊಂಡ ಬಂದೆ.”

ಪಂಕ್ತಿ ಹಾಕಿದಾಗ ಅವಳನ್ನು ನನ್ನ ಪಕ್ಕದಲ್ಲೇ ಕೂರಿಸಿಕೊಂಡೆ. ನಾನು ಸರಿಯಾಗಿಯೇ ಉಂಡೆ. ಅವಳು ಎತ್ತಿದ ತುತ್ತು ಮಾತ್ರ ಮತ್ತೆ ಮತ್ತೆ ಎಲೆಯ ಮೇಲೇ ಬೀಳುತ್ತಿತ್ತು.