ವರ್ನಾಳ ಮನೆಯ ಬೋರಲು ತಟ್ಟೆ

ಮೌಂಟ್ ಕೆರ್ನ್ ಊರಿನಲ್ಲಿ ಯಾರನ್ನಾದರೂ ಕೆಲಸದಿಂದ ತೆಗೆದುಹಾಕಿದರೆ ಹಳಬರು ಇವತ್ತಿಗೂ ‘ಅವನ ತಟ್ಟೆ ಬೋರಲಾಯಿತು’ ಎನ್ನುತ್ತಾರೆ. ಮಾತು ಹುಟ್ಟಿದ್ದು ಕೋಲ್ ಸ್ಟ್ರೀಟಿನ ವರ್ನಾ ಬಾಲ್ಚುನಸ್ ಎಂಬಾಕೆಯ ಅಡುಗೆಮನೆಯಲ್ಲಿ. ಮಾತು ಉಳಿದುಕೊಂಡಿದೆ. ಅದಕ್ಕೆ ಕಾರಣವಾದ ಅಮೆರಿಕನ್ ಫುಟ್‌ಬಾಲ್ ಲೀಗು ಮಾತ್ರ ಎರಡೇ ಸೀಸನ್ ಬದುಕಿತು.

ವರ್ನಾಳ ಗಂಡ ಎದೆಗೂಡಿನ ತುಂಬ ಕಲ್ಲಿದ್ದಲಿನ ಧೂಳು ತುಂಬಿಕೊಂಡು ಸತ್ತಿದ್ದ. ಮಕ್ಕಳಿರಲಿಲ್ಲ. ಗಣಿಗಳು ಒಂದೊಂದಾಗಿ ಮುಚ್ಚುತ್ತ ಬಂದ ಹಾಗೆ ಅವಳು ಬಾಡಿಗೆಗೆ ಕೊಡುತ್ತಿದ್ದ ಕೋಣೆಗಳೂ ಖಾಲಿಯಾದವು. ಮಾಂಸದಂಗಡಿಯ ಗಸ್ ಅವಳ ಸರದಿ ಬಂದರೂ ಅವಳ ತಲೆಯ ಮೇಲಿಂದ ಹಿಂದಿನವರನ್ನು ನೋಡಿ “ನಿಮಗೇನು?” ಎನ್ನುತ್ತಿದ್ದ. ಬೇಕೆಂದೇ ಹಾಗೆ ಮಾಡುತ್ತಿರಲಿಲ್ಲ ಅವನು. ಅವಳು ಕಾಣಿಸುತ್ತಲೇ ಇರಲಿಲ್ಲ, ಅಷ್ಟೇ.

1967ರ ಬೇಸಿಗೆಯಲ್ಲಿ ಬಿಯರಿನ ಸಗಟು ವ್ಯಾಪಾರಿಯೊಬ್ಬ ಊರಿಗೊಂದು ತಂಡ ಕಟ್ಟಿದ. ಹಿಂದೆ ಗಣಿಯೊಳಗೆ ಬಂಡಿ ಎಳೆಯುತ್ತಿದ್ದ ಹೇಸರಗತ್ತೆಗಳ ನೆನಪಿಗೆ ‘ಮ್ಯೂಲ್ಸ್’ ಎಂದು ಹೆಸರಿಟ್ಟ. ಇಂಥ ಎಂಟು ಊರುಗಳ ಎಂಟು ತಂಡ ಸೇರಿ ಈಸ್ಟರ್ನ್ ಸ್ಟೇಟ್ಸ್ ಲೀಗ್ ಆಯಿತು. ಆಡುವವರು ಯಾರೆಂದರೆ, ದೊಡ್ಡ ಲೀಗಿನ ತಂಡಗಳು ಬೇಡವೆಂದು ಬಿಟ್ಟವರು. ಹೊಲಿಗೆ ಬಿಟ್ಟ ಮೊಣಕಾಲು, ಬೆಂಡಾದ ಬೆರಳು ಹೊತ್ತುಕೊಂಡು, ಇಲ್ಲಿ ಚೆನ್ನಾಗಿ ಆಡಿದರೆ ಅಲ್ಲಿಂದ ಮತ್ತೆ ಕರೆ ಬರುತ್ತದೆ ಎಂದು ನಂಬಿದವರು. ಅಂಥವರು ವಾರವಾರವೂ ಬಸ್ಸಿನಲ್ಲಿ ಬಂದಿಳಿಯುತ್ತಿದ್ದರು. ಒಬ್ಬ ಬಂದರೆ ಒಬ್ಬ ಹೋಗಲೇಬೇಕಿತ್ತು. ಅವರಲ್ಲಿ ಒಂಬತ್ತು ಜನರ ಊಟ, ಹಾಸಿಗೆ ವರ್ನಾಳ ಮನೆಯಲ್ಲಿ.

ಕೋಚ್ ಹಾರ್ಲನ್ ಸ್ಪೀಸ್ ಆಟಗಾರರ ಮುಖಕ್ಕೆ ಏನು ಬೇಕಾದರೂ ಬೈಯುತ್ತಿದ್ದ. ‘ನೀನು ಬೇಡ’ ಎಂದು ಹೇಳಲು ಮಾತ್ರ ಅವನಿಗೆ ನಾಲಿಗೆ ಏಳುತ್ತಿರಲಿಲ್ಲ. ಅದಕ್ಕೇ ಬೆಳಿಗ್ಗೆ ವರ್ನಾಳಿಗೆ ಫೋನ್ ಮಾಡಿ “ಮೂಲೆ ಹಾಸಿಗೆಯ ಹೊದಿಕೆ ಬದಲಾಯಿಸಿ” ಎನ್ನುತ್ತಿದ್ದ. ಮೊದಲ ಸಲ ಅವಳಿಗೂ ಹೇಳಲಾಗಲಿಲ್ಲ. ಮೂಲೆ ಹಾಸಿಗೆಯ ಹುಡುಗ ಮೆಟ್ಟಿಲಿಳಿಯುವ ಸದ್ದಾದಾಗ ಗಾಬರಿಯಿಂದ ಅವನ ತಟ್ಟೆಯನ್ನು ಬೋರಲು ಹಾಕಿ ಒಲೆಯ ಕಡೆ ತಿರುಗಿ ನಿಂತಳು. ಹುಡುಗ ನೋಡಿದ. ಅರ್ಥವಾಯಿತು. ಅವನು ಹೋದ ಮೇಲೆ ಅವಳು ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಆಮೇಲಾಮೇಲೆ ಅದೇ ಪದ್ಧತಿಯಾಯಿತು, ಅಳುವೂ ನಿಂತಿತು. ಈಗ ಗಸ್ ಅವಳನ್ನು ದೂರದಿಂದಲೇ ಕಂಡು “ಬಾ ವರ್ನಾ, ಇವತ್ತು ಯಾರ ಸರದಿ?” ಎಂದು ಕೇಳುತ್ತಿದ್ದ. ಅಂಗಡಿಯಲ್ಲಿದ್ದವರೆಲ್ಲ ಕಿವಿ ನಿಮಿರಿಸುತ್ತಿದ್ದರು. ಅವಳು ತಕ್ಷಣ ಹೇಳುತ್ತಿರಲಿಲ್ಲ. ಬೆಳಿಗ್ಗೆ ಬಾಣಲೆ ಹಿಡಿದು ಒಲೆಯಿಂದ ಮೇಜಿಗೆ ಬರುವಾಗಲೂ ಸ್ವಲ್ಪ ನಿಧಾನವಾಗಿ ಬರುವುದನ್ನು ಕಲಿತಿದ್ದಳು.

ಹೊರಟವರಿಗಾಗಿ ಇನ್ನೊಂದು ಏರ್ಪಾಡೂ ಇತ್ತು. ತಮ್ಮ ತಮ್ಮ ಊರು ಸೇರಿದ ಮೇಲೆ ಅವರು ವರ್ನಾಳ ಖರ್ಚಿಗೆ ಹಾಕಿ ಫೋನ್ ಮಾಡಬೇಕು. ‘ಇಂಥವರ ಕರೆ, ಖರ್ಚು ಒಪ್ಪುತ್ತೀರಾ?’ ಎಂದು ಎಕ್ಸ್‌ಚೇಂಜಿನ ಹುಡುಗಿ ಕೇಳುತ್ತಾಳೆ. ವರ್ನಾ ‘ಇಲ್ಲ’ ಎಂದರೆ ಕೋಚ್‌ನಿಂದ ಸುದ್ದಿಯಿಲ್ಲ, ಸುಮ್ಮನಿರು ಎಂದರ್ಥ. ‘ಒಪ್ಪಿದೆ’ ಎಂದರೆ ಸುದ್ದಿಯಿದೆ, ಕರೆ ಬಂದಿದೆ ಎಂದರ್ಥ. ಸುದ್ದಿಯಿಲ್ಲದಿದ್ದರೆ ಯಾರಿಗೂ ಕಾಸು ಖರ್ಚಿಲ್ಲ. ಎರಡು ಸೀಸನ್ನಿನಲ್ಲಿ ಅವಳು ಒಮ್ಮೆಯೂ ‘ಒಪ್ಪಿದೆ’ ಎಂದಿರಲಿಲ್ಲ. ಎರಡನೇ ವರ್ಷದ ನವೆಂಬರಿನವರೆಗೆ ಒಮ್ಮೆಯೂ ಸುಳ್ಳು ಹೇಳಿರಲಿಲ್ಲ ಕೂಡ.

ಎರಡು ಸೀಸನ್ನೂ ಅವಳ ಮೇಜಿನಲ್ಲಿ ಉಳಿದವನು ಡೆಲ್ಮರ್ ಸ್ಕೂಗ್ ಒಬ್ಬನೇ. ನೆಬ್ರಾಸ್ಕಾದಲ್ಲಿ ಸಕ್ಕರೆಗಾಗಿ ಬೆಳೆಯುವ ಬೀಟ್ ಗಡ್ಡೆಯ ಹೊಲಗಳ ಕಡೆಯವನು, ಬಾಗಿಲಿನಷ್ಟು ಅಗಲ. ಆಡುತ್ತಿದ್ದದ್ದು ಗಾರ್ಡ್ ಆಗಿ. ಎದುರಿನವನನ್ನು ನೂಕಿ ಚೆಂಡು ಹಿಡಿದವನಿಗೆ ದಾರಿ ಬಿಡಿಸುವ ಕೆಲಸ. ಚೆಂಡು ಅವನ ಕೈಗೆ ಬರುವುದೇ ಇಲ್ಲ, ಜನ ಅವನ ಹೆಸರು ಕೂಗುವುದೂ ಇಲ್ಲ. ಅವನ ಚೀಲ ಯಾವಾಗಲೂ ಕಟ್ಟಿಯೇ ಇರುತ್ತಿತ್ತು. ರಾತ್ರಿ ಊಟವಾದ ಮೇಲೆ ಅವಳು ತೊಳೆದ ತಟ್ಟೆಗಳನ್ನು ಹೆಗಲ ಮೇಲಿನ ಟವೆಲಿನಲ್ಲಿ ಒರೆಸಿಕೊಡುತ್ತಿದ್ದ. ಬೇರೆ ಯಾರೂ ಆ ಕೆಲಸಕ್ಕೆ ಕೈ ಹಾಕಿದವರಲ್ಲ.

ಎರಡನೇ ವರ್ಷದ ಕೊನೆಯ ಹೊತ್ತಿಗೆ ಎಂಟು ತಂಡ ಐದಾಗಿದ್ದವು. ಒಂದು ತಂಡವನ್ನು ಪಂದ್ಯಕ್ಕೆ ಹೋಗುವ ಬಸ್ಸಿನಲ್ಲೇ ಮುಚ್ಚಿದ್ದರಂತೆ. ಚಾಲಕ ಹೆದ್ದಾರಿಯ ಬದಿಗೆ ನಿಲ್ಲಿಸಿ ಎಲ್ಲರನ್ನೂ ಇಳಿಸಿದನಂತೆ. ಆ ನವೆಂಬರಿನ ಒಂದು ಗುರುವಾರ ಸ್ಕೂಗ್ ತಟ್ಟೆ ಒರೆಸುತ್ತ ಹೇಳಿದ:

“ಮಿಸೆಸ್ ಬಿ, ಶನಿವಾರ ದೊಡ್ಡ ಲೀಗಿನಿಂದ ಆಳು ಆರಿಸೋನು ಬರ್ತಾನಂತೆ. ನನ್ನನ್ನೇ ನೋಡೋಕೆ! ಕೋಚ್ ಹೇಳಿದ್ರು.”

“ಹೌದೇನೋ ಎತ್ತೇ?”

“ಹ್ಞೂಂ. ಆಯ್ಕೆ ಆದ್ರೆ ಈ ಎಲೆಕೋಸಿನ ವಾಸನೆಯಿಂದ ಬಿಡುಗಡೆ ನೋಡಿ. ಈ ಮನೆ ಕನಸಲ್ಲೂ ಬರದೇ ಇದ್ರೆ ಸಾಕು.”

ಅವನು ನಕ್ಕ. ಅವಳೂ ನಕ್ಕಳು. ಆದರೆ ಆ ಮಾತು ಉಗುರಿನ ಸಂದಿಗೆ ಸಿಬಿರು ಹೊಕ್ಕ ಹಾಗೆ ಒಳಗೇ ಉಳಿಯಿತು.

ಶನಿವಾರ ಬೆಳಿಗ್ಗೆ ಕೋಚ್‌ನಿಂದ ಯಾವ ಫೋನೂ ಬಂದಿರಲಿಲ್ಲ. ವರ್ನಾ ಆಲೂಗಡ್ಡೆ ತುರಿದು ಮಾಡುವ ಬ್ಲೀನಿ ಎಂಬ ದಪ್ಪ ದೋಸೆ ಕರಿಯುತ್ತಿದ್ದಳು. ಮೇಜಿನಲ್ಲಿದ್ದ ರಾಯ್ ಟಿಬ್ಸ್, ಚೆಂಡು ಹಿಡಿದು ಓಡುವವನು, ಎಲ್ಲರಿಗೂ ಕಣ್ಣು ಹೊಡೆದು ಸ್ಕೂಗನ ತಟ್ಟೆಯನ್ನು ಬೋರಲು ಹಾಕಿದ. ಹೊಸಬರಿಗೆ ಹೀಗೆ ಮಾಡಿ ನಗುವುದು ಅಲ್ಲಿ ವಾಡಿಕೆ. ವರ್ನಾ ಬಂದು ಸಟ್ಟುಗದ ತುದಿಯಿಂದ ತಟ್ಟೆ ಸರಿ ಮಾಡಿದಾಗ ತಮಾಷೆ ಮುಗಿಯುತ್ತಿತ್ತು.

ಸ್ಕೂಗ್ ಕೂದಲು ಬಾಚಿ, ಶುಭ್ರ ಅಂಗಿ ತೊಟ್ಟು ಇಳಿದು ಬಂದ. ಕುರ್ಚಿಯ ಬೆನ್ನು ಹಿಡಿದು ನಿಂತುಬಿಟ್ಟ.

“ಇವತ್ತಾ?” ಎಂದ. “ಮಿಸೆಸ್ ಬಿ, ಇವತ್ತೇನಾ?”

ಎಂಟು ಮುಖಗಳು ಅವಳ ಕಡೆ ತಿರುಗಿದವು. ಬಾಣಲೆ ಅವಳ ಕೈಯಲ್ಲಿತ್ತು, ಸಟ್ಟುಗವೂ ಇತ್ತು. ತಟ್ಟೆ ಒಂದು ಗೇಣು ದೂರ.

“ತಟ್ಟೆ ಓದೋಕೆ ಬರುತ್ತಲ್ಲ ನಿನಗೆ,” ಎಂದಳು. “ಬ್ಲೀನಿ ಆರುತ್ತೆ. ತಿನ್ನೋರು ತಿನ್ನಿ.”

ಅವನು ಮೇಲೆ ಹೋಗಿ ಚೀಲದೊಂದಿಗೆ ಇಳಿದ. ಬಾಗಿಲಲ್ಲಿ ನಿಂತು “ಊಟ ಚೆನ್ನಾಗಿತ್ತು, ಮಿಸೆಸ್ ಬಿ. ವಾಸನೆ ಅಂದಿದ್ದು ಸುಮ್ಮನೆ,” ಎಂದು ಹೇಳಿ ಹೋದ. ಬಾಗಿಲು ಮುಚ್ಚಿದ್ದೇ ತಡ ಮೇಜು ನಗೆಯಿಂದ ನಡುಗಿತು.

“ಲೇ, ಸಾಕು ಕಣ್ರೋ, ಕರೀರೋ ಅವನ್ನ,” ಎಂದ ಒಬ್ಬ.

“ಇರಲಿ ಬಿಡು,” ಎಂದಳು ವರ್ನಾ. “ಬಸ್ಸಿರೋದು ಹನ್ನೊಂದಕ್ಕೆ. ಬೆಂಚಿನ ಮೇಲೆ ಒಂದಿಷ್ಟು ಹೊತ್ತು ಕೂತಿರಲಿ ದೊಡ್ಡ ಮನುಷ್ಯ. ಆಮೇಲೆ ಹೋಗಿ ಕರ್ಕೊಂಡು ಬನ್ನಿ.”

ಟಿಬ್ಸ್ ಹತ್ತಕ್ಕೆ ಹೋಗಿ ನೋಡಿದ. ಬೆಂಚು ಖಾಲಿ. ಬ್ರೆಡ್ಡಿನ ವ್ಯಾನಿನವನು ಹೆದ್ದಾರಿಯವರೆಗೆ ಬಿಡುತ್ತೇನೆಂದು ಹತ್ತಿಸಿಕೊಂಡು ಹೋಗಿ ಒಂದು ಗಂಟೆಯೇ ಆಗಿತ್ತು.

ಸಂಜೆ ಪಂದ್ಯಕ್ಕೆ ಮುಂಚೆ ಕೋಚ್ ಅಬ್ಬರಿಸಿದ: “ಸ್ಕೂಗ್ ಎಲ್ಲಿ?” ಟಿಬ್ಸ್ ವರ್ನಾಳನ್ನು ನೋಡಿದ. ಬೇಲಿಯ ಪಕ್ಕ ನಿಂತಿದ್ದ ವರ್ನಾ ಬಾಯಿ ತೆರೆದಳು. “ಬೆಳಿಗ್ಗೆನೇ ಚೀಲ ಎತ್ಕೊಂಡು ಹೊರಟುಬಿಟ್ಟ. ನಾವು ಎಷ್ಟು ಹೇಳಿದ್ರೂ ಕೇಳಲಿಲ್ಲ.”

ಮಾರನೆಯ ದಿನ ಕೋಚ್ ಅವಳ ಅಡುಗೆಮನೆಗೇ ಬಂದ. ಕಾಫಿ ಮುಟ್ಟಲಿಲ್ಲ.

“ಆರಿಸೋನು ಏನಂದ ಗೊತ್ತಾ? ‘ಹುಡುಗನ ಆಟ ಫಿಲ್ಮಿನಲ್ಲಿ ನೋಡಾಗಿದೆ, ನಿನ್ನೆ ಬರೀ ಕೈ ಕುಲುಕೋಕೆ ಬಂದಿದ್ದೆ’ ಅಂದ. ಅವರ ಗಾರ್ಡ್ ಕಾಲು ಮುರ್ಕೊಂಡಿದಾನೆ. ಬುಧವಾರದೊಳಗೆ ಇವನು ಅಲ್ಲಿದ್ರೆ ಜಾಗ ಇವನದೇ. ಅಂಥ ಹೊತ್ತಲ್ಲಿ ಹೇಡಿ ಓಡಿಹೋದ!”

“ತಂತಿ ಕಳಿಸಿ,” ಎಂದಳು ವರ್ನಾ. ಧ್ವನಿ ಅವಳದೇ ಅನ್ನಿಸಲಿಲ್ಲ.

“ಬಿಟ್ಟು ಓಡಿದವನಿಗೆ ನಾನು ತಂತಿ ಕಳಿಸಲ್ಲ. ಹೇಗೂ ನಿಮಗೆ ಫೋನ್ ಮಾಡ್ತಾನಲ್ಲ, ಒಪ್ಕೊಂಡು ಹೇಳಿ. ಯಾಕೆ ಓಡಿದೆ ಅಂತಾನೂ ಕೇಳಿ. ನನಗೆ ಅದು ತಿಳೀಬೇಕು.”

ಆ ಕೊನೆಯ ಮಾತು ಅವಳನ್ನು ಎರಡು ದಿನ ಅರೆಯಿತು. ಸ್ಕೂಗ್ ಹೋದರೆ ಕೋಚ್ ಕೇಳುತ್ತಾನೆ, ಸ್ಕೂಗ್ ತಟ್ಟೆಯ ವಿಷಯ ಹೇಳುತ್ತಾನೆ. ಮುಂದಿನ ಸೀಸನ್ನಿಗೆ ಒಂಬತ್ತು ಹಾಸಿಗೆ ಎದುರು ಮನೆಯ ಹೆಫ್ನರಮ್ಮನ ಪಾಲು. ಗಸ್ ಮತ್ತೆ ಅವಳ ತಲೆಯ ಮೇಲಿಂದ ನೋಡುತ್ತಾನೆ.

ಮಂಗಳವಾರ ಮಧ್ಯಾಹ್ನ ಫೋನ್ ಬಡಿದುಕೊಂಡಿತು.

“ನೆಬ್ರಾಸ್ಕಾದಿಂದ ಡೆಲ್ಮರ್ ಸ್ಕೂಗ್ ಅನ್ನೋರ ಕರೆ. ಖರ್ಚು ಒಪ್ತೀರಾ, ಮ್ಯಾಮ್?”

ಹಿಂದಿನಿಂದ ಅವನ ಧ್ವನಿ ನುಗ್ಗಿತು: “ಮಿಸೆಸ್ ಬಿ, ಕೋಚ್ ಏನಾದ್ರೂ...”

“ಒಪ್ಪಿಗೆ ಆಗೋವರೆಗೂ ಮಾತಾಡೋ ಹಾಗಿಲ್ಲ, ಸರ್,” ಎಂದಳು ಎಕ್ಸ್‌ಚೇಂಜಿನ ಹುಡುಗಿ.

ಅವನ ಉಸಿರು ಮಾತ್ರ ಕೇಳುತ್ತಿತ್ತು.

“ಇಲ್ಲ,” ಎಂದಳು ವರ್ನಾ.

ಮೇಜಿನಲ್ಲಿ ಕೂತಿದ್ದ ಟಿಬ್ಸ್ ತಲೆಯೆತ್ತಿದ. “ಯಾರು? ಸ್ಕೂಗಾ?”

“ರಾಂಗ್ ನಂಬರ್,” ಎಂದು ಅವಳು ಅವನ ಮುಂದಿದ್ದ ತಟ್ಟೆ ಎತ್ತಿಕೊಂಡಳು. ಅವನಿನ್ನೂ ತಿಂದು ಮುಗಿಸಿರಲಿಲ್ಲ.

ಬುಧವಾರ ಕಳೆಯಿತು.

ಆ ಚಳಿಗಾಲ ಲೀಗು ಸತ್ತಿತು. ಐದರಲ್ಲಿ ಎರಡು ತಂಡ ಹಿಂದೆ ಸರಿದವು, ಉಳಿದ ಮೂರು ಯಾರೊಡನೆ ಆಡಬೇಕು? ಬಿಯರ್ ವ್ಯಾಪಾರಿ ಮ್ಯೂಲ್ಸ್ ತಂಡದ ಅಂಗಿಗಳನ್ನು ಪಕ್ಕದ ಊರಿನ ಶಾಲೆಗೆ ಮಾರಿದ. ಕೋಚ್ ಓಹಾಯೋಗೆ ಹೋದ. ಇದನ್ನು ವರ್ನಾಳಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಬೇಸಿಗೆ ಶುರುವಾಗುತ್ತಲೇ ಅವಳು ಹಾಸಿಗೆಗಳನ್ನು ಬಿಸಿಲಿಗೆ ಹಾಕಿ, ಗಸ್‌ನ ಅಂಗಡಿಗೆ ಹೋಗಿ, ಜುಲೈನಿಂದ ಒಂಬತ್ತು ಜನಕ್ಕಾಗುವಷ್ಟು ಹಂದಿಮಾಂಸ ಬೇಕೆಂದಳು.

“ಒಂಬತ್ತು ಯಾರಿಗೆ?” ಎಂದ ಗಸ್. ಆಮೇಲೆ ಅವನ ಮುಖ ಅರಳಿತು. “ಅಯ್ಯೋ, ನಿನಗೆ ಯಾರೂ ಹೇಳಲಿಲ್ವಾ? ವರ್ನಾ, ನಿನ್ನ ತಟ್ಟೆನೇ ಬೋರಲಾಯ್ತಲ್ಲ!”

ಅಂಗಡಿಯಲ್ಲಿದ್ದವರೆಲ್ಲ ಮನಸಾರೆ ನಕ್ಕರು. ಅಂದಿನಿಂದ ಆ ಮಾತು ಊರಿನದಾಯಿತು.

ಜುಲೈ ಬಂತು. ಮೇಜಿಗೆ ಒಂದೇ ತಟ್ಟೆ. ದಿನಗಟ್ಟಲೆ ಅವಳ ಬಾಯಿಂದ ಒಂದು ಮಾತೂ ಹೊರಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಫೋನ್ ಬಂದಾಗ ಕೈ ಒರೆಸಿಕೊಳ್ಳದೆ ಓಡಿದಳು.

“ನೆಬ್ರಾಸ್ಕಾದಿಂದ ಡೆಲ್ಮರ್ ಸ್ಕೂಗ್ ಅನ್ನೋರು. ಖರ್ಚು ಒಪ್ತೀರಾ, ಮ್ಯಾಮ್?”

ಒಂದು ಪರಿಚಿತ ಧ್ವನಿ ಕೇಳಬೇಕಿತ್ತು ಅವಳಿಗೆ. ಆ ಗಳಿಗೆಯಲ್ಲಿ ಅದು ಬಿಟ್ಟು ಬೇರೇನೂ ನೆನಪಾಗಲಿಲ್ಲ.

“ಒಪ್ಪಿದೆ,” ಎಂದಳು.

ಆ ಕಡೆ ಫೋನಿನಿಂದ ಮುಖ ತಿರುಗಿಸಿ ಅವನು ಕೂಗಿದ್ದು ಕೇಳಿಸಿತು: “ಲೇ, ಒಪ್ಪಿದ್ರು ಕಣ್ರೋ! ಒಪ್ಪಿದ್ರು!” ಬೀಟ್ ಸಕ್ಕರೆ ಕಾರ್ಖಾನೆಯ ಕಚೇರಿಯಿರಬೇಕು, ಗಂಡಸರು ಮೇಜು ಗುದ್ದಿ ಹೋ ಎಂದರು.

“ಹೇಳಿ, ಮಿಸೆಸ್ ಬಿ,” ಎಂದ ಸ್ಕೂಗ್, ಓಡಿ ಬಂದವನ ಹಾಗೆ ಏದುತ್ತ. “ನಂಗೆ ಗೊತ್ತಿತ್ತು. ಎಲ್ಲಿಗೆ ಬರ್ಬೇಕು? ಚೀಲ ಕಟ್ಟೇ ಇದೆ.”

ಅವಳು ಫೋನಿನ ತಂತಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ನಿನ್ನ ಟವೆಲ್ ಇಲ್ಲೇ ಬಿಟ್ಟು ಹೋಗಿದೀಯ, ಡೆಲ್,” ಎಂದಳು.

ಆ ಕಡೆ ಯಾರೋ ಇನ್ನೂ ಶಿಳ್ಳೆ ಹಾಕುತ್ತಿದ್ದರು.